ಮಾಯಿಗಯ್ಯನ ಮುಚ್ಚಳಿಕೆ

ಮಾಯಿಗಯ್ಯನಿಗೆ ಎರಡೆಕರೆ ರಾಗಿ ಹೊಲ, ಜಗಲಿ ಮೇಲೊಂದು ಹೊಲಿಗೆ ಮಿಷನ್. ಹೊಲ ಅರ್ಧ ಹೊಟ್ಟೆ ತುಂಬಿಸಿದರೆ ಇನ್ನರ್ಧ ಮಿಷನ್ ತುಂಬಿಸುತ್ತಿತ್ತು. ರೈತರ ಪಟ್ಟಿ ಹಿಡಿದು ಜೀಪಿನಲ್ಲಿ ಬಂದ ಕೃಷಿ ಇಲಾಖೆ ಸಾಹೇಬರ ಕಣ್ಣಿಗೆ ಆ ಮಿಷನ್ ಚುಚ್ಚಿತು.

"ಹೊಲ ಇರೋನು ಹೊಲಿಯಬಾರದು ಕಣಯ್ಯ! ಮಿಷನ್ ಮುಟ್ಟಲ್ಲ ಅಂತ ಮುಚ್ಚಳಿಕೆ ಬರೆದುಕೊಡು. ಇಲ್ಲಾಂದ್ರೆ ಬಿತ್ತನೆ ಬೀಜ ಇಲ್ಲ" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಮಾಯಿಗಯ್ಯ ಬರೆದುಕೊಟ್ಟು ಬೀಜದ ಚೀಟಿ ಇಸಕೊಂಡ.

ಸಾಹೇಬರು ಠೀವಿಯಿಂದ ಜೀಪಿಗೆ ಕಾಲೆತ್ತಿದರು. ಪ್ಯಾಂಟು ಹಿಂದುಗಡೆ ಪರ್ರನೆ ಹರಿಯಿತು. ನಲ್ಲಿ ಹತ್ತಿರದ ಹೆಂಗಸರೆಲ್ಲ ಕಿಸಕ್ಕೆಂದರು.

"ಅಯ್ಯೋ, ಬೇಗ ಹೊಲಿಯೋ!" ಎಂದರು ಸಾಹೇಬರು.

"ಹೊಲ ಇರೋನು ಹೊಲಿಯೋ ಹಂಗಿಲ್ವಲ್ಲ ಸ್ವಾಮಿ. ಉಳೋದಾದ್ರೆ ಹೇಳಿ, ನೇಗಿಲು ತತ್ತೀನಿ."

ಸಾಹೇಬರು ಆ ಮುಚ್ಚಳಿಕೆಯನ್ನೇ ಹಿಂದಕ್ಕೆ ಒತ್ತಿ ಹಿಡಿದು ಜೀಪು ಹತ್ತಿದರು. ಅವರು ಬರೆಸಿಕೊಂಡ ಮುಚ್ಚಳಿಕೆ ಏನನ್ನಾದರೂ ಮುಚ್ಚಿದ್ದು ಅದೊಂದೇ ಸಲ.