ಎರಡು ಬುಟ್ಟಿ ದ್ರಾಕ್ಷಿ

ಇಟಲಿಯ ಒಂದು ಗುಡ್ಡದ ಮೇಲೆ ಸಣ್ಣ ಮಠವಿತ್ತು. ಅಲ್ಲಿನ ಸನ್ಯಾಸಿಗಳು ದ್ರಾಕ್ಷಿ ಬೆಳೆದು ಕೆಂಪು ವೈನ್ ಮಾಡುತ್ತಿದ್ದರು. ಆ ಕೆಲಸಕ್ಕೆಲ್ಲ ಮುದುಕ ಅನ್ಸೆಲ್ಮೊ ಅವರೇ ಗುರು.

ಗುಡ್ಡದ ನೆತ್ತಿಯ ತೋಟದ ಹಣ್ಣನ್ನು ಅವರು ಬೇರೆ ಯಾವುದರ ಜೊತೆಗೂ ಬೆರೆಸುತ್ತಿರಲಿಲ್ಲ. ಆ ಒಂದೇ ತೋಟದ ವೈನಿಗೆ ಆ ತೋಟದ್ದೇ ಹೆಸರು. ಕೆಳಗಿನ ತೋಟಗಳ ಹಣ್ಣೆಲ್ಲ ಒಟ್ಟಿಗೆ ಸೇರಿ ಊಟದ ವೈನ್ ಆಗುತ್ತಿತ್ತು. ಅದಕ್ಕೆ ಹೆಸರೂ ಇಲ್ಲ, ದೆಸೆಯೂ ಇಲ್ಲ.

ಎರ್ಮೆತೆ ಎಂಬ ಶಿಷ್ಯ ಎಂಟು ವರ್ಷದಿಂದ ಕೆಳಗಿನ ತೋಟದಲ್ಲಿ ದುಡಿಯುತ್ತಿದ್ದ. ನೆತ್ತಿಯ ತೋಟ ಇಂದಲ್ಲ ನಾಳೆ ತನಗೇ ಎಂದು ನಂಬಿದ್ದ. ಗುರು ಅದನ್ನು ಹೋದ ವರ್ಷವಷ್ಟೇ ಬಂದ ಸಾಂತೊನಿಗೆ ಕೊಟ್ಟರು.

ಎರ್ಮೆತೆಯ ಹೊಟ್ಟೆಗೆ ಬೆಂಕಿ ಬಿತ್ತು. ಸಾಂತೊ ನಕ್ಕರೆ ಉರಿ, ಸುಮ್ಮನಿದ್ದರೂ ಉರಿ. ಅವನು ಪ್ರಾರ್ಥನೆಗೆ ಮಂಡಿಯೂರಿದರೆ, "ನಾಟಕ ನೋಡು" ಎಂದುಕೊಳ್ಳುತ್ತಿದ್ದ.

ಒಂದು ದಿನ ಕೇಳಿಯೇಬಿಟ್ಟ. "ಗುರುಗಳೇ, ಅವನಲ್ಲಿ ನನಗಿಂತ ಹೆಚ್ಚಿನದು ಏನು ಕಂಡಿರಿ?"

"ಅವನು ಇನ್ನೂ ಈ ಪ್ರಶ್ನೆ ಕೇಳಿಲ್ಲ" ಎಂದರು ಗುರು.

ಉರಿ ಇನ್ನಷ್ಟು ಹೆಚ್ಚಿತು.

ಸುಗ್ಗಿ ಬಂತು. ಸಾಂತೊ ತನ್ನ ಹಣ್ಣನ್ನು ಹಿಸುಕಿ ದೊಡ್ಡ ಮರದ ತೊಟ್ಟಿಗೆ ತುಂಬಿದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಎರ್ಮೆತೆ ತನ್ನ ತೋಟದ ಎರಡು ಬುಟ್ಟಿ ದ್ರಾಕ್ಷಿ ತಂದು, ಹಿಸುಕಿ, ಅದೇ ತೊಟ್ಟಿಗೆ ಸುರಿದ.

"ಈ ಕೀಳು ಹಣ್ಣು ಇಷ್ಟು ಬಿದ್ದರೆ ಸಾಕು, ಅವನ ವೈನ್ ಎಕ್ಕುಟ್ಟಿಹೋಗುತ್ತೆ" ಎಂದು ಗೊಣಗಿಕೊಂಡ.

ರಸಕ್ಕೆ ಹುದುಗು ಬಂತು, ಸಿಪ್ಪೆ ಮೇಲೆದ್ದಿತು. ಸಾಂತೊ ದಿನಕ್ಕೆರಡು ಸಲ ಕೋಲಿನಿಂದ ಅದನ್ನು ಒಳಕ್ಕೆ ಅದುಮಿದ. ಆಮೇಲೆ ಹಿಂಡಿ, ಓಕ್ ಮರದ ಪೀಪಾಯಿಗೆ ತುಂಬಿ, ಎರಡು ವರ್ಷ ಕಾದ. ಎರ್ಮೆತೆಯೂ ಕಾದ.

ರುಚಿ ನೋಡುವ ದಿನ ಗುರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ನನ್ನ ಜನ್ಮದಲ್ಲಿ ಇಂಥ ವೈನ್ ಕುಡಿದಿರಲಿಲ್ಲ. ಕೊನೆಗೆ ನಾಲಗೆಯ ಮೇಲೆ ಒಂಚೂರು ಹುಳಿ ನಿಲ್ಲುತ್ತೆ ನೋಡಿ, ಅದರಿಂದಲೇ ಇದಕ್ಕೆ ಜೀವ."

ಸನ್ಯಾಸಿಗಳು ಸಾಂತೊನ ಬೆನ್ನು ತಟ್ಟಿದರು. ಅವನ ಕಣ್ಣು ತುಂಬಿ ಬಂತು.

ಎರ್ಮೆತೆಗೆ ತಡೆಯಲಾಗಲಿಲ್ಲ. ವೈನ್ ಕೆಡಲಿಲ್ಲವೆಂಬ ಸಂಕಟ ಹಾಗಿರಲಿ, ತನಗೆ ಸಲ್ಲಬೇಕಾದ ಹೊಗಳಿಕೆಯೂ ಅವನ ಪಾಲಾಗುತ್ತಿತ್ತು!

"ಆ ಹುಳಿ ನನ್ನದು!" ಎಂದು ಕೂಗಿದ. "ಎರಡು ಬುಟ್ಟಿ ನನ್ನ ದ್ರಾಕ್ಷಿ ಇದೆ ಅದರಲ್ಲಿ!"



ಗುರು ಎದ್ದು, ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ತೋಟದ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿದರು.

"ಇದು ಬೆರಕೆ. ಊಟದ ವೈನಿಗೆ ಸೇರಿಸಿಬಿಡಿ."

ಸಾಂತೊನ ಎರಡು ವರ್ಷ ಅಲ್ಲಿಗೆ ನೀರಿನಲ್ಲಿ ಹೋಮವಾಯಿತು. ಅವನು ಎರ್ಮೆತೆಯ ಕಡೆ ನೋಡದೆ ಹೊರಗೆ ನಡೆದ.

ಆ ಬೆನ್ನನ್ನು ನೋಡಿದಾಗ ಎರ್ಮೆತೆಗೆ ಮೊದಲ ಸಲ ನಾಚಿಕೆಯಾಯಿತು. ಗುರುವಿನ ಕಾಲ ಬಳಿ ಕುಸಿದ.

"ಕೆಡಿಸಬೇಕೆಂದೇ ಸುರಿದೆ, ಗುರುಗಳೇ. ಅದು ಹೇಗೆ ಚೆನ್ನಾಯಿತು?"

ಗುರು ಅವನನ್ನು ಹಿಡಿದೆಬ್ಬಿಸಿದರು.

"ಕೆಡಿಸೋಕೆ ಮಠದಲ್ಲಿ ಏನಿರಲಿಲ್ಲ ಹೇಳು? ಉಪ್ಪಿತ್ತು, ಬೂದಿಯಿತ್ತು. ನೀನು ಮಾತ್ರ ನಿನ್ನ ದ್ರಾಕ್ಷಿಯನ್ನೇ ತಂದೆ. ಅಷ್ಟು ವರ್ಷ ಬೆಳೆಸಿದೆಯಲ್ಲಪ್ಪಾ, ಒಂದು ದಿನವಾದರೂ ಅದನ್ನು ಬಾಯಿಗೆ ಹಾಕಿಕೊಂಡು ನೋಡಿದ್ದೆಯಾ?"