ಹದಿನೇಳನೆಯ ಪುಟ

"ಅಜ್ಜಾರ, ಮನುಷ್ಯಾನ ಹಿಂದಿನದನ್ನ ಎಷ್ಟರಮಟ್ಟಿಗೆ ಕೆದಕಿ ನೋಡಬೇಕು?" ಎಂದು ಗುರುಪಾದ ಕೇಳಿದ.

ಗುರುಪಾದ ಮಠದ ಕಿರಿಯ ಶಿಷ್ಯ. ಮಠಕ್ಕೆ ಕೆಲಸದವರನ್ನು ಆರಿಸುವ ಹೊಣೆ ಆಗಷ್ಟೇ ಅವನ ಮೇಲೆ ಬಿದ್ದಿತ್ತು. ಮೊನ್ನೆ ದಾಸೋಹದ ಅಡುಗೆಗೆ ಇಬ್ಬರು ಬಂದಿದ್ದರು. ಒಬ್ಬ, ಯಾರೂ ಕೇಳುವ ಮೊದಲೇ, ಸಿಟ್ಟಿನಲ್ಲಿ ಒಬ್ಬನಿಗೆ ಹೊಡೆದು ಮೂರು ವರ್ಷ ಜೈಲಿನಲ್ಲಿದ್ದೆ ಎಂದು ಹೇಳಿಕೊಂಡ. ಇನ್ನೊಬ್ಬ ಅಂಥದ್ದೇನೂ ಹೇಳಲಿಲ್ಲ. ಗುರುಪಾದ ಮೊದಲನೆಯವನನ್ನು ಬಾಗಿಲಿಂದಲೇ ಕಳಿಸಿ, ಎರಡನೆಯವನನ್ನು ಇಟ್ಟುಕೊಂಡ. ಮಾಡಿದ್ದು ಸರಿ ಎಂದು ಗುರುಗಳ ಬಾಯಿಂದ ಕೇಳುವ ಆಸೆ ಅವನಿಗಿತ್ತು.

ಮಠದ ಸ್ವಾಮಿಗಳಾದ ಅಜ್ಜನವರು ಕಾವಿ ಉಡುವ ಮುನ್ನ ಹದಿನಾಲ್ಕು ವರ್ಷ ಲಾರಿ ಓಡಿಸಿದವರು. ಅವರ ಕತೆಗಳಲ್ಲಿ ರಾಜರು, ಋಷಿಗಳು ಬರುವುದು ಕಡಿಮೆ. ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಅವರು ಈ ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಬಾಯಿ ಒರಟು, ಕೈ ಶುದ್ಧ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಒಂದು ಸ್ಪೋರ್ಟ್ಸ್ ಕಾರನ್ನು ಅವನು ಕೊಂಡ. ಎರಡೇ ಬಾಗಿಲಿನ ಕೆಂಪು ಕಾರು. ಅದರ ಮೊದಲ ಮಾಲೀಕ ಕಾಲು ಮುರಿದುಕೊಂಡು ಬದುಕಿದ್ದ. ಕಾರಿನ ಮುಖ ನೋಡಲು ಮನಸ್ಸಾಗದೆ ಅದನ್ನು ಮಾರಿ ಪರದೇಶಕ್ಕೆ ಹೋಗಿದ್ದ. ಮೆಕ್ಯಾನಿಕ್ ಬೇರೆ ಕೆಲಸಗಳ ನಡುವೆ ಒಂದೂವರೆ ವರ್ಷ ಅದರ ಮುಂದೆ ಕೂತ. ಬಾಗಿದ್ದನ್ನು ನೆಟ್ಟಗೆ ಮಾಡಿದ, ಒಡೆದದ್ದನ್ನು ಬದಲಿಸಿದ. ಕಡೆಗೆ ಕಾರು ಓಡಿತು. ಚೆನ್ನಾಗಿಯೇ ಓಡಿತು.

ಇಂಥ ಕಾರಿನ ಜೊತೆ ಒಂದು ಸರ್ವಿಸ್ ಪುಸ್ತಕ ಬರುತ್ತದೆ. ಅದು ಯಾರ ಕೈಯಲ್ಲಿತ್ತು, ಎಷ್ಟು ದೂರ ಓಡಿತು, ಯಾವಾಗ ಆಯಿಲ್ ಬದಲಾಯಿತು, ಎಲ್ಲ ಅದರಲ್ಲಿ ಇರುತ್ತದೆ. ಮೆಕ್ಯಾನಿಕ್ ಅದರ ಹದಿನೇಳನೆಯ ಪುಟದಲ್ಲಿ ತನ್ನ ಗುಂಡನೆಯ ಅಕ್ಷರದಲ್ಲಿ ಹೀಗೆ ಬರೆದ: ಈ ಕಾರಿಗೆ ಅಪಘಾತವಾಗಿದೆ. ಎಡ ಮುಂಭಾಗದ ಕಬ್ಬಿಣ ಬಾಗಿತ್ತು, ವೆಲ್ಡಿಂಗ್ ಮಾಡಿ ಸರಿಪಡಿಸಿದೆ. ಐದು ಸಾವಿರ ಕಿಲೋಮೀಟರಿಗೊಮ್ಮೆ ಚಕ್ರ ಬಿಚ್ಚಿ, ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ನೋಡಬೇಕು. ನೋಡುತ್ತಿದ್ದರೆ ಭಯವಿಲ್ಲ.

ಬರೆಯಲೇಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊಂಡವನ ಜೀವ ಆ ನಾಲ್ಕು ಸಾಲಿನ ಮೇಲಿದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೆ ಬರೆದ.

ಕಾರು ಶೆಡ್ಡಿನ ಅರ್ಧ ಜಾಗ ಹಿಡಿದಿತ್ತು. ಅದು ಹೋಗದೆ ಬೇರೆ ಗಾಡಿ ಒಳಗೆ ಬರುವಂತಿರಲಿಲ್ಲ. ಕೆಂಪು ಕಾರು ಮಾರಾಟಕ್ಕಿದೆ ಎಂದು ಅವನು ಸುದ್ದಿ ಬಿಟ್ಟ. ಮೊದಲು ಬಂದವನು ಕಾರನ್ನು ಸುತ್ತು ಹಾಕಿ ಹೊಗಳಿದ, ಪುಸ್ತಕ ಓದಿ ಹೆಂಡತಿಯನ್ನು ಕೇಳಿ ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಎರಡನೆಯವನು ಅಪಘಾತ ಶನಿವಾರ ಆಯಿತೋ ಎಂದು ವಿಚಾರಿಸಿ ಹೋದ. ಮೂರನೆಯವನು ಮಾತಿಲ್ಲದೆ ಎದ್ದ. ನಾಲ್ಕನೆಯವನು ಮಾತ್ರ, ಇದನ್ನೆಲ್ಲ ಬರೆದಿಟ್ಟುಕೊಂಡು ಕೂತಿದ್ದೀಯಲ್ಲ, ನಿನಗೆ ತಲೆ ನೆಟ್ಟಗಿದೆಯೇ ಎಂದು ಕೇಳಿ ನಕ್ಕ.

ಐದನೆಯವನು ಒಬ್ಬ ಹತ್ತಿ ವ್ಯಾಪಾರಿ. ಅಂಡಿಗೆ ಮೂಟೆಯ ಮೇಲಿನ ಹತ್ತಿಯನ್ನು ನಂಬುವವನಲ್ಲ. ಅದರ ಹೊಟ್ಟೆಯೊಳಗೆ ಕೈ ತುರುಕಿ, ನಡುವಿನ ಎಳೆ ಎಳೆದು ನೋಡಿ ಕೊಳ್ಳುವವನು. ಒಬ್ಬನೇ ಮಗ, ಇಪ್ಪತ್ತನಾಲ್ಕು ವರ್ಷ, ಇಂಥ ಕಾರಿನ ಹುಚ್ಚು. ಬೇಡ ಎಂದು ಹೇಳಿ ಹೇಳಿ ಸೋತು, ಹಳೆಯದಾದರೂ ಒಳ್ಳೆಯದನ್ನು ಹುಡುಕಿ ಕೊಡೋಣ ಎಂದು ಬಂದಿದ್ದ. ಕಾರಿನ ಹೊದಿಕೆ ಸರಿಸುವ ಮೊದಲೇ ಪುಸ್ತಕ ಕೇಳಿದ. ನಿಂತಲ್ಲೇ ಓದಿದ. ಹದಿನೇಳನೆಯ ಪುಟಕ್ಕೆ ಬಂದು ನಿಂತ.

"ಇದನ್ನ ನೀವು ಬರೀದಿದ್ರ ಈಗಿಂದೀಗ ತಗೊಂಡು ಹೋಗತಿದ್ದೆ ನೋಡ್ರಿ," ಎಂದ. ಪುಸ್ತಕ ವಾಪಸು ಕೊಟ್ಟು ಹೊರಟ. ಹೊದಿಕೆ ಸರಿಸಲಿಲ್ಲ. ಮೆಕ್ಯಾನಿಕ್ಕಿನ ಹೆಸರನ್ನೂ ಕೇಳಲಿಲ್ಲ.

ಮೆಕ್ಯಾನಿಕ್ ಬಹಳ ಹೊತ್ತು ಪುಸ್ತಕ ಹಿಡಿದುಕೊಂಡು ಕೂತಿದ್ದ. ಆಮೇಲೆ ಆ ಹಾಳೆಯನ್ನು ಹರಿದ. ಅವನ ಪರವಾಗಿ ನಾನು ವಕಾಲತ್ತು ಮಾಡುತ್ತಿಲ್ಲ, ಗುರುಪಾದ. ಹರಿದದ್ದು ಅವನ ಕೈ, ಪಾಪವೂ ಅವನದೇ. ಆದರೆ ಸುಡಲು ಮಾತ್ರ ಅವನಿಗೆ ಮನಸ್ಸು ಬರಲಿಲ್ಲ. ಮಡಚಿ, ನಟ್ಟು ಬಿಚ್ಚುವ ಪಾನಾಗಳನ್ನು ಇಡುವ ಡಬ್ಬಿಯ ತಳಕ್ಕೆ ಹಾಕಿದ. ಮರುವಾರ ಒಬ್ಬ ದಲ್ಲಾಳಿ ಬಂದು, ಗಾಡಿಗೆ ಏನಾದರೂ ಆಗಿತ್ತೇ ಎಂದು ಕೇಳಿದಾಗ ಏನೂ ಆಗಿಲ್ಲ ಎಂದ. ಅಂದೇ ಕಾರು ಮಾರಾಟವಾಯಿತು.

ದಲ್ಲಾಳಿ ಕೆಂಪು ಕಾರಿಗೆ ಬಿಳಿ ಬಣ್ಣ ಹೊಡೆಸಿ, ದಾಖಲೆಯಲ್ಲೂ ಬಣ್ಣ ತಿದ್ದಿಸಿ ತನ್ನ ಅಂಗಡಿಯ ಮುಂದೆ ನಿಲ್ಲಿಸಿದ. ನಾಲ್ಕು ತಿಂಗಳಾದ ಮೇಲೆ ಅದೇ ವ್ಯಾಪಾರಿ, ಈ ಸಲ ಮಗನನ್ನು ಕರೆದುಕೊಂಡು, ಅಲ್ಲಿಗೆ ಬಂದ. ಮತ್ತೆ ಮೊದಲು ಪುಸ್ತಕ ಕೇಳಿದ. ಎರಡು ಸಲ ಓದಿದ. ಈ ನಡುವೆ ಇಂಥ ಹತ್ತಾರು ಪುಸ್ತಕ ಓದಿದ್ದ ಅವನಿಗೆ ಇದು ಅದೇ ಎಂದು ಹೊಳೆಯಲಿಲ್ಲ. ಎಲ್ಲ ಮುದ್ರೆ ಸರಿಯಾಗಿತ್ತು, ಎಲ್ಲ ಸಹಿ ಇತ್ತು. ಹದಿನಾರನೆಯ ಪುಟದ ನಂತರ ಹತ್ತೊಂಬತ್ತು ಬರುತ್ತದಲ್ಲ ಎಂದು ಕೇಳಿದ. ಹಳೆಯ ಪುಸ್ತಕ, ಒಂದು ಹಾಳೆ ಉದುರಿರಬಹುದು ಎಂದು ದಲ್ಲಾಳಿ ಹೇಳಿದ.

ಹತ್ತಿಯಲ್ಲಾಗಿದ್ದರೆ ವ್ಯಾಪಾರಿ ಅಷ್ಟಕ್ಕೇ ಅಂಡಿಗೆಯನ್ನು ಹೊರಗೆ ನೂಕುತ್ತಿದ್ದ. ಆದರೆ ಅವನು ಹುಡುಕುತ್ತಿದ್ದದ್ದು ಕಳಂಕವಿಲ್ಲದ ಪುಸ್ತಕವನ್ನು. ಇಲ್ಲದ ಹಾಳೆಯಲ್ಲಿ ಕಳಂಕ ಎಲ್ಲಿಂದ ಕಾಣಬೇಕು? ಅವನಿಗೆ ಸಮಾಧಾನವಾಯಿತು. ಇಂಥದ್ದೇ ಒಂದು ಕೆಂಪು ಕಾರು ನೋಡಲು ಹೋಗಿದ್ದೆ, ಅಪಘಾತವಾದ ಗಾಡಿ, ದೇವರು ದೊಡ್ಡವನು, ಬಿಟ್ಟು ಬಂದೆ ಎಂದು ಮಗನಿಗೆ ಹೇಳಿದ. ಮಗ ಅಲ್ಲಿಂದಲೇ ಕಾರು ಓಡಿಸಿಕೊಂಡು ಮನೆಗೆ ಬಂದ. ತಾಯಿ ಆರತಿ ಎತ್ತಿದಳು.

ಮಗ ಕಾರನ್ನು ಜೋಪಾನ ಮಾಡಿದ. ಸರ್ವಿಸ್ ಒಂದನ್ನೂ ತಪ್ಪಿಸಲಿಲ್ಲ. ಅಲ್ಲಿಯವರು ಆಯಿಲ್ ನೋಡಿದರು, ಬ್ರೇಕ್ ನೋಡಿದರು. ಎಡಗಡೆಯ ವೆಲ್ಡಿಂಗ್ ನೋಡಿ ಎಂದು ಅವರಿಗೆ ಹೇಳುವವರು ಯಾರಿದ್ದರು? ಏಳು ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಮಧ್ಯಾಹ್ನ, ನೇರ ರಸ್ತೆಯಲ್ಲಿ, ಎದುರಿಗೆ ಒಂದು ಗಾಡಿಯೂ ಇಲ್ಲದಾಗ, ಎಡಗಡೆಯ ಚಕ್ರ ಕಿತ್ತು ಬಂತು. ಕಾರು ಸೇತುವೆಯ ಕಟ್ಟೆಗೆ ಹೊಡೆಯಿತು. ಆಸ್ಪತ್ರೆಗೆ ಒಯ್ಯುವಷ್ಟು ಸಮಯವನ್ನೂ ಅದು ಕೊಡಲಿಲ್ಲ.

ಸುದ್ದಿ ಮೆಕ್ಯಾನಿಕ್ಕಿಗೂ ಮುಟ್ಟಿತು. ಠಾಣೆಯ ಮುಂದೆ ಎಳೆದು ತಂದಿಟ್ಟಿದ್ದ ಕಾರನ್ನು ಅವನು ಹೋಗಿ ನೋಡಿದ. ಉಜ್ಜಿಹೋದ ಬಿಳಿ ಬಣ್ಣದ ಕೆಳಗೆ ಕೆಂಪು ಕಾಣುತ್ತಿತ್ತು. ವೆಲ್ಡಿಂಗ್ ಬಿಟ್ಟಿದ್ದ ಜಾಗವನ್ನು ಕೈಯಿಂದ ಮುಟ್ಟಿ ನೋಡಿದ. ಶೆಡ್ಡಿಗೆ ಬಂದು ಡಬ್ಬಿಯ ತಳದಿಂದ ಹಾಳೆ ತೆಗೆದ. ಸತ್ತ ಹುಡುಗನ ಮನೆ ಯಾವುದೆಂದು ಕೇಳುತ್ತ ಹೋದ.

ಮನೆಯ ಜಗಲಿಯಲ್ಲಿ ಕೂತಿದ್ದ ತಂದೆಯನ್ನು ಕಂಡು ಮೆಕ್ಯಾನಿಕ್ಕಿಗೆ ಗುರುತು ಸಿಕ್ಕಿತು. ಹೋಗಿ ಹಾಳೆಯನ್ನು ಅವನ ಕೈಗೆ ಕೊಟ್ಟ. ಗಾಡಿ ತನ್ನದಾಗಿತ್ತು, ಹಾಳೆ ಹರಿದವನು ತಾನೇ ಎಂದು ಹೇಳಿದ. ವ್ಯಾಪಾರಿ ಬಿಡಿಸಿ ನೋಡಿದ. ಗುಂಡನೆಯ ಅಕ್ಷರ. ಎರಡನೆಯ ಸಾಲಿಗೆ ತಲೆ ಎತ್ತಿದ.

"ಇದನ್ನ ನಾ ಓದೀನಿ," ಎಂದ.

"ಹೌದ್ರಿ," ಎಂದ ಮೆಕ್ಯಾನಿಕ್. "ಐದು ಮಂದಿ ಓದಿದ್ರು. ಕಡೇದವರು ನೀವು."

ವ್ಯಾಪಾರಿ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಹಾಳೆಯನ್ನು ಮೊದಲ ಸಾಲಿನಿಂದ ಮತ್ತೆ ಓದಲು ಶುರು ಮಾಡಿದ. ಮುಗಿಸಿ, ಮತ್ತೆ ಮೊದಲಿನಿಂದ ಓದಿದ. ಮೆಕ್ಯಾನಿಕ್ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದ. ಶೆಡ್ಡು ಮತ್ತೆ ತೆರೆಯಲಿಲ್ಲ. ವ್ಯಾಪಾರಿ ಇವತ್ತಿಗೂ ಆ ಜಗಲಿಯಲ್ಲೇ ಕೂರುತ್ತಾನೆ, ಹಾಳೆ ಅವನ ಕಿಸೆಯಲ್ಲೇ ಇರುತ್ತದೆ ಎಂದು ನೋಡಿದವರು ಹೇಳುತ್ತಾರೆ.

ಅಜ್ಜನವರು ಕತೆ ನಿಲ್ಲಿಸಿದರು. ಹಾಗಾದರೆ ತಪ್ಪು ಹರಿದವನದೋ, ಓದಿ ಎದ್ದು ಹೋದವನದೋ ಎಂದು ಗುರುಪಾದ ಕೇಳಿದ. ದಾಸೋಹದ ಕಡೆಯಿಂದ ಹೊಸ ಅಡುಗೆಯವನು ಪಾತ್ರೆ ಇಳಿಸುವ ಸದ್ದು ಕೇಳಿಸುತ್ತಿತ್ತು. ಅಜ್ಜನವರು ಅತ್ತ ಒಮ್ಮೆ ನೋಡಿ, ಶಿಷ್ಯನ ಕಡೆ ತಿರುಗಿದರು.

"ನೀ ಬಾಗಲದಿಂದ ಕಳಿಸಿದಾಂವ ಮುಂದಿನ ಮಠದಾಗ ಏನಂತ ಹೇಳತಾನ, ಗುರುಪಾದ?"