ಒದ್ದೆ ಬಟ್ಟೆಯ ಕೆಳಗಿನ ಹಾಳೆಗಳು

೧೯೭೬ನೆಯ ಇಸವಿ ನವೆಂಬರ್ ೧೪, ಭಾನುವಾರ. ಗುರುಗಳ ಮನೆಯ ಪಾಠಕ್ಕೆ ಒಂಬತ್ತು ಜನ ಬಂದಿದ್ದರೆಂದೂ ಪಾಠ ಮಾತ್ರ ನಡೆಯಲಿಲ್ಲವೆಂದೂ ನನ್ನ ದಿನಚರಿಯ ಆ ಪುಟದಲ್ಲಿ ಬರೆದಿದೆ. ನಡೆಯದಿರಲು ಕಾರಣ ಹೇಮಾವತಿ ಕೇಳಿದ ಪ್ರಶ್ನೆ.

"ಗುರುಗಳೇ, ನಿನ್ನೆ ನಮ್ಮಣ್ಣ ಬಂದಿದ್ದ. ಎರಡು ವರ್ಷದಿಂದ ಅವನ ದಾರಿ ಕಾದಿದ್ದೆ. ಅವನು ಹೊರಡುವ ತನಕ ಒಳಗೆ ಪಾತ್ರೆ ಬೆಳಗುತ್ತಿದ್ದೆ. ಯಾರಿಗಾಗಿ ಜೀವ ಹಂಬಲಿಸುತ್ತದೆಯೋ ಅವರು ಎದುರಿಗೆ ಬಂದು ಕೂತಾಗಲೇ ನಮಗೆ ಬೇರೆ ಕೆಲಸ ನೆನಪಾಗುವುದೇಕೆ?"

ಗುರುಗಳು ಹರೆಯದಲ್ಲಿ ಹಡಗಿನ ಅಡುಗೆಯವರಾಗಿ ನಾಲ್ಕಾರು ಸಮುದ್ರ ಕಂಡವರು. ಪುಸ್ತಕ ಮಡಿಸಿಟ್ಟು ಈ ಕತೆ ಹೇಳಿದರು.

ಗ್ರೀಕರ ನಾಡಿನ ಒಂದು ದ್ವೀಪದಲ್ಲಿ ಅಕ್ಕತಂಗಿಯರಿಬ್ಬರು ಇದ್ದರು. ತಾಯಿ ಬೇಗ ತೀರಿಕೊಂಡಿದ್ದಳು. ತಂಗಿಯನ್ನು ಅಕ್ಕನೇ ಸಾಕಿದಳು. ಹಬ್ಬ ಯಾವುದಾದರೂ ಆ ಮನೆಯಲ್ಲಿ ತಿಂಡಿ ಒಂದೇ, ತಿರೋಪಿತ. ನಮ್ಮ ಚಿರೋಟಿಯ ಹಾಗೆ ಪದರು ಪದರಾಗಿರುತ್ತದೆ, ಆದರೆ ಸಿಹಿಯಲ್ಲ. ಹಿಟ್ಟನ್ನು ಕಾಗದಕ್ಕಿಂತ ತೆಳ್ಳಗೆ ಎಳೆದು ಹಾಳೆ ಮಾಡಬೇಕು. ಹಾಳೆ ಹಾಳೆಗೂ ಬೆಣ್ಣೆ ಸವರಬೇಕು. ಕುರಿಹಾಲಿನ ಉಪ್ಪು ಚೀಸನ್ನು ಪುಡಿಮಾಡಿ, ಮೊಟ್ಟೆಯೊಡನೆ ಕಲಸಿ, ನಡುವೆ ತುಂಬಿ ಭಟ್ಟಿಯಲ್ಲಿಡಬೇಕು. ಹಾಳೆ ಎಳೆಯಲು ಎರಡು ಜೊತೆ ಕೈ ಬೇಕು. ಮೇಜಿನ ಆ ಕಡೆ ಅಕ್ಕ ನಿಲ್ಲುತ್ತಿದ್ದಳು, ಈ ಕಡೆ ತಂಗಿ. ಕೆಳಗೆ ಹಾಸಿದ ಬಟ್ಟೆಯ ಹೂವು ಹಾಳೆಯೊಳಗಿಂದ ಕಂಡರೆ ಹದ ಬಂತೆಂದು ಅರ್ಥ.

ಬೆಳೆದ ಮೇಲೆ ತಂಗಿ ಒಬ್ಬ ಮೀನುಗಾರನನ್ನು ಮೆಚ್ಚಿದಳು. ಅಕ್ಕನಿಗೆ ಅವನು ಹಿಡಿಸಲಿಲ್ಲ. "ಅವನ ಹಿಂದೆ ಹೋಗುವುದಾದರೆ ಈ ಮನೆಗೆ ಮತ್ತೆ ಬರಬೇಡ" ಎಂದಳು. ತಂಗಿ ಹೋದಳು. ಆ ವಾರ ಕಳೆಯುವ ಮೊದಲೇ ಅಕ್ಕನಿಗೆ ತನ್ನ ತಪ್ಪು ತಿಳಿದಿತ್ತು. ಹೇಳೋಣವೆಂದರೆ ತಂಗಿ ಎದುರಿಗಿರಲಿಲ್ಲ. ಬರೆಯೋಣವೆಂದರೆ ಬಿಗುಮಾನ ಬಿಡಲಿಲ್ಲ. ಹೀಗೆ ಹನ್ನೊಂದು ವರ್ಷ ಹೋಯಿತು. ಹಾಳೆಯ ಒಂದು ಅಂಚಿನ ಮೇಲೆ ಕಲ್ಲಿಟ್ಟು ಇನ್ನೊಂದು ಅಂಚನ್ನು ಒಬ್ಬಳೇ ಎಳೆಯುವುದನ್ನು ಅವಳು ಕಲಿತಳು.

ಹನ್ನೆರಡನೆಯ ವರ್ಷ ತಂಗಿಯ ಕಾಗದ ಬಂತು. "ನನ್ನ ಗಂಡನಿಗೆ ಈಗ ಹಡಗಿನಲ್ಲಿ ಕೆಲಸ. ತಿಂಗಳಿಗೊಮ್ಮೆ ಅದು ನಿಮ್ಮ ಬಂದರಿಗೆ ಬಂದು ಒಂದು ಗಂಟೆ ನಿಲ್ಲುತ್ತದಂತೆ. ಈ ಶನಿವಾರ ಹತ್ತು ಗಂಟೆಗೆ ನಾನೂ ಬರುತ್ತೇನೆ. ನಿನ್ನನ್ನು ನೋಡಬೇಕು" ಎಂದು ಬರೆದಿದ್ದಳು.

ಅಕ್ಕ ಆ ಕಾಗದವನ್ನು ಮೂರು ಸಲ ಓದಿದಳು. ತಪ್ಪು ನನ್ನದು ಎಂದು ಈ ಸಲ ಹೇಳಿಬಿಡಬೇಕು ಎಂದುಕೊಂಡಳು. ಬರಿಗೈಯಲ್ಲಿ ಹೇಳುವುದು ಕಷ್ಟ. ಬಿಸಿ ಬಿಸಿ ತಿರೋಪಿತ ಮುಂದಿಟ್ಟರೆ ಮಾತು ತಾನಾಗಿ ಬಂದೀತು ಎಂದು ಧೈರ್ಯ ತಂದುಕೊಂಡಳು.

ಶನಿವಾರ ಬೆಳಗಾಗುತ್ತಲೇ ಹನ್ನೆರಡು ಹಾಳೆ ಎಳೆದು ಒಂದರ ಮೇಲೊಂದು ಹಾಸಿದಳು. ಗಾಳಿಗೆ ಹಾಳೆ ಒಣಗಿ ಮುರಿಯಬಾರದೆಂದು ಒದ್ದೆ ಬಟ್ಟೆ ಹೊದಿಸಿದಳು. ಹಡಗಿನ ಕೂಗು ಕೇಳಿದ ಮೇಲೆ ತುಂಬಿ ಬೇಯಿಸಿದರಾಯಿತು ಎಂದು ಕಾದಳು. ಹತ್ತಾಯಿತು, ಹನ್ನೊಂದಾಯಿತು. ಹಡಗು ಬರಲಿಲ್ಲ. ಬಟ್ಟೆ ಒಣಗಿತೆಂದು ನೀರು ಚಿಮುಕಿಸಿದಳು. ಹನ್ನೆರಡಕ್ಕೆ ಮತ್ತೆ ಚಿಮುಕಿಸಿದಳು. ಒಂದು ಗಂಟೆಗೆ ಮನಸ್ಸು ತಡೆಯದೆ ಇನ್ನೊಂದಿಷ್ಟು.

ಎರಡಕ್ಕೆ ಹಡಗು ಕೂಗಿತು. ಅಕ್ಕ ಬಟ್ಟೆ ಎತ್ತಿ ನೋಡಿದಳು. ಹನ್ನೆರಡು ಹಾಳೆಗಳು ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಅವನ್ನು ಬಿಡಿಸುತ್ತ ನಿಂತಿರುವಾಗ ಬಾಗಿಲಲ್ಲಿ ತಂಗಿ ಕಾಣಿಸಿದಳು.

"ಬಂದೆಯಾ? ಕೂತುಕೋ. ಈಗ ಆಗಿಬಿಡುತ್ತದೆ" ಎಂದು ಅಕ್ಕ ಹೊಸ ಹಿಟ್ಟು ಸುರಿದಳು.

"ಅಕ್ಕಾ, ನಾನು ತಿನ್ನಲು ಬಂದವಳಲ್ಲ."

"ಹನ್ನೊಂದು ವರ್ಷಕ್ಕೆ ಬಂದವಳಿಗೆ ಒಣ ರೊಟ್ಟಿ ಕೊಟ್ಟು ಕಳಿಸಲೇ? ಓಣಿಯವರು ಏನೆಂದಾರು?"

ತಂಗಿ ನಕ್ಕಳು. "ನೀನು ಇನ್ನೂ ಹಾಗೇ ಇದ್ದೀಯ. ಸೂರಿಗೆ ಬೆಂಕಿ ಬಿದ್ದರೂ ಅಂಗಳ ಗುಡಿಸಿಯೇ ಕೂಗುವವಳು."

ಅಕ್ಕನಿಗೂ ನಗು ಬಂತು. ಆದರೆ ತಲೆ ಎತ್ತಲಿಲ್ಲ. ಹಿಟ್ಟು ನಾದಿದಳು. ನೆನೆಯಲು ಕಾಲು ಗಂಟೆಯಾದರೂ ಬಿಡಬೇಕಾಗಿತ್ತು. ಆ ಹೊತ್ತಿನಲ್ಲಿ ಚೀಸ್ ಪುಡಿಮಾಡಿದಳು. ತಂಗಿ ತನ್ನ ಮಕ್ಕಳ ಹೆಸರು ಹೇಳಿದಳು. ಅಕ್ಕ ಬೆನ್ನು ಹಾಕಿಕೊಂಡೇ ಹೂಂಗುಟ್ಟಿದಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೊದಲು ತಟ್ಟೆ ಇಡೋಣ, ಆಮೇಲೆ ಹೇಳೋಣ ಎಂದುಕೊಂಡಳು.

ಹಾಳೆ ಎಳೆಯುವಾಗ ಅವಳು ಅಂಚಿನ ಮೇಲೆ ಕಲ್ಲಿಡುವುದನ್ನು ತಂಗಿ ನೋಡಿದಳು. ಎದ್ದು ಬಂದು ಮೇಜಿನ ಈ ಕಡೆ ನಿಂತಳು.

"ಆ ಕಲ್ಲು ತೆಗೆ. ಈ ಅಂಚು ನಾನು ಹಿಡಿಯುತ್ತೇನೆ."

"ಬೇಡ ಬೇಡ. ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದೀಯ, ಹಿಟ್ಟು ಹತ್ತುತ್ತದೆ. ನೆಂಟರ ಕೈಯಲ್ಲಿ ಯಾರಾದರೂ ಕೆಲಸ ಮಾಡಿಸುತ್ತಾರೆಯೇ? ಹಾಯಾಗಿ ಕೂತಿರು."

ತಂಗಿ ಹಿಂದಕ್ಕೆ ಹೋಗಿ ಕೂತಳು. ಆಮೇಲೆ ಅವಳು ಮಾತನಾಡಿದ್ದು ಕಡಿಮೆ.

ತಿರೋಪಿತ ಭಟ್ಟಿ ಸೇರಿದ ಹೊತ್ತಿಗೆ ಹಡಗು ಹೊರಡುವ ಕೂಗು ಹಾಕಿತು. ತಂಗಿ ಎದ್ದು ಅಕ್ಕನ ಹೆಗಲಿಗೆ ಮುತ್ತಿಟ್ಟಳು. ಅಕ್ಕನ ಎರಡು ಕೈಯೂ ಹಿಟ್ಟು. ತಂಗಿಯ ಬಟ್ಟೆಗೆ ಹತ್ತಬಾರದೆಂದು ಅವಳು ಕೈಗಳನ್ನು ದೂರ ಹಿಡಿದುಕೊಂಡೇ ನಿಂತಳು.

ತಂಗಿ ಬಂದರಿಗೆ ಇಳಿದು ಹೋದ ಅರ್ಧ ಗಂಟೆಗೆ ತಿರೋಪಿತ ಭಟ್ಟಿಯಿಂದ ಹೊರಬಂತು. ಚಿನ್ನದ ಬಣ್ಣ. ಪದರು ಪದರೂ ಬಿಡಿಬಿಡಿ. ಅವಳ ಕೈಯಲ್ಲಿ ಅಷ್ಟು ಚೆನ್ನಾಗಿ ಅದು ಎಂದೂ ಬಂದಿರಲಿಲ್ಲ. ಪಕ್ಕದ ಮನೆಯವರು ತಿಂದು ಹೊಗಳಿದರು. ಹಡಗು ಈಗಲೂ ತಿಂಗಳಿಗೊಮ್ಮೆ ಆ ಬಂದರಿಗೆ ಬರುತ್ತದೆ. ಅಕ್ಕ ದಡದಲ್ಲಿ ಹೋಗಿ ನಿಲ್ಲುತ್ತಾಳೆ. ತಂಗಿ ಇಳಿಯುವುದಿಲ್ಲ.

ತಂಗಿ ಆ ಮನೆಯಲ್ಲಿ ಇದ್ದದ್ದು ಐವತ್ತು ನಿಮಿಷ. ಅಕ್ಕ ಅವಳ ಮುಖ ನೋಡಿದ್ದು ಎರಡು ಸಲ. ಹೇಳಬೇಕೆಂದಿದ್ದ ಮಾತು ಹೇಳಿದ್ದು ಒಂದು ಸಲವೂ ಇಲ್ಲ. ಆ ತಿರೋಪಿತಕ್ಕೆ ಬಿದ್ದ ಬೆಲೆ ಇಷ್ಟು.

ಹೇಮಾವತಿ ತಡೆಯಲಾರದೆ ಕೇಳಿದಳು: "ತಂಗಿಗೆ ಅಷ್ಟು ಸಿಟ್ಟು ಬಂತೇ, ಗುರುಗಳೇ?"

ಗುರುಗಳು ಹೇಳಿದರು: "ಸಿಟ್ಟು ಬಂದಿದ್ದರೆ ಜಗಳವಾಡಲಿಕ್ಕಾದರೂ ಮತ್ತೆ ಬರುತ್ತಿದ್ದಳಮ್ಮ."